ಕಾಫಿ ಸೀಮೆಯಲ್ಲಿ ನಿವೇಶನ: ಸೊಸೈಟಿಯ ಹೆಸರಿಗಿಂತ ಮೊದಲು ಸರ್ವೆ ನಂಬರ್

ಮೂಡಿಗೆರೆ: ಹೇಮಾವತಿ ನದಿಯ ಉಗಮಸ್ಥಾನವಾದ ಜಾವಳಿ ಹಾಗೂ ಸುತ್ತಲಿನ ಮೂಡಿಗೆರೆ, ಕಳಸ ಭಾಗದ ಕಾಫಿ ಗುಡ್ಡಗಳಲ್ಲಿ ಒಂದು ಸಣ್ಣ ನಿವೇಶನ ಕೊಳ್ಳಬೇಕೆಂಬುದು ನಗರವಾಸಿಗಳಲ್ಲಿ ಅನೇಕರ ಆಸೆ. ಬೆಂಗಳೂರಿನಲ್ಲಿ ಕೈಗೆಟುಕದ 30x40 ಅಡಿ ನಿವೇಶನ ಮಲೆನಾಡಿನಲ್ಲಿ ಅಗ್ಗಕ್ಕೆ ದೊರೆಯುತ್ತದೆಂದರೆ ಮನಸ್ಸು ಓಡುವುದು ಸಹಜ. ಆದರೆ ಈ ಸೀಮೆಯ ಭೂಮಿಯ ಚರಿತ್ರೆ ಬಯಲುಸೀಮೆಯದಕ್ಕಿಂತ ಹೆಚ್ಚು ಜಟಿಲ. ಹಿಡುವಳಿ ಜಮೀನು, ದರಖಾಸ್ತು ಜಮೀನು, ಗೋಮಾಳ, ಅರಣ್ಯ ಇವೆಲ್ಲ ಒಂದೇ ಗುಡ್ಡದ ಮಗ್ಗುಲಲ್ಲಿ, ಒಂದೇ ಬಗೆಯ ಸಿಲ್ವರ್ ಮರಗಳ ನೆರಳಿನಲ್ಲಿ ಇರಬಹುದು. ಕಣ್ಣಿಗೆ ಕಾಣುವ ಬೇಲಿಯಿಂದ ವ್ಯತ್ಯಾಸ ತಿಳಿಯದು.

ಆದ್ದರಿಂದ ಇಲ್ಲಿ ಮೊದಲು ಕೇಳಬೇಕಾದದ್ದು ಲೇಔಟಿನ ಹೆಸರನ್ನಲ್ಲ, ಸರ್ವೆ ನಂಬರನ್ನು. ಅದು ದೊರೆತರೆ ಪಹಣಿ, ಮ್ಯುಟೇಷನ್ ಹಾಗೂ ಮೂಲ ಮಂಜೂರಾತಿ ಕಡತವನ್ನು ಪರಿಶೀಲಿಸಬಹುದು. ನಂಬರ್ ಕೊಡಲು ಹಿಂಜರಿಯುವ ಮಾರಾಟಗಾರರೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಮಂಜೂರಾದ ಜಮೀನಿನ ತೊಡಕು

ಸರ್ಕಾರದಿಂದ ಮಂಜೂರಾದ ಜಮೀನಿಗೆ ನಿಗದಿತ ವರ್ಷಗಳವರೆಗೆ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಗೆ ಇನ್ನೂ ಬಿಗಿಯಾದ ರಕ್ಷಣೆಯಿದೆ. ಪಿಟಿಸಿಎಲ್ ಎಂದೇ ಪರಿಚಿತವಾದ 1978ರ ಕಾಯ್ದೆಯ ಪ್ರಕಾರ, ಸರ್ಕಾರದ ಪೂರ್ವಾನುಮತಿಯಿಲ್ಲದೆ ನಡೆದ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಭೂಮಿಯನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಹಳೆಯ ವ್ಯವಹಾರಗಳ ವಿರುದ್ಧ ತಡವಾಗಿ ಸಲ್ಲಿಸಿದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕಿದ ಬಳಿಕ, ಅರ್ಜಿಗೆ ಕಾಲಮಿತಿಯಿಲ್ಲ ಎಂಬ ತಿದ್ದುಪಡಿಯನ್ನು 2023ರಲ್ಲಿ ತರಲಾಯಿತು. ಅಂದರೆ ನಾಲ್ಕು ಕೈ ಬದಲಾಗಿ ಬಂದ ನಿವೇಶನವಾದರೂ ಮೊದಲ ಕೈ ಯಾರದೆಂಬುದು ಮುಖ್ಯ.

ಒತ್ತುವರಿ ತೋಟಗಳದ್ದು ಮತ್ತೊಂದು ಕಥೆ. ಸರ್ಕಾರಿ ಭೂಮಿಯಲ್ಲಿ ಬೆಳೆದ ಕಾಫಿ ತೋಟಗಳನ್ನು 25 ಎಕರೆವರೆಗೆ, 30 ವರ್ಷಗಳ ಅವಧಿಗೆ ಬೆಳೆಗಾರರಿಗೇ ಗುತ್ತಿಗೆ ನೀಡಲು ಭೂ ಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಗುತ್ತಿಗೆಯೆಂದರೆ ಒಡೆತನವಲ್ಲ. ಅಂಥ ಭೂಮಿಯನ್ನು ಗುಂಟೆ ಲೆಕ್ಕದಲ್ಲಿ ಮಾರುವ ಹಕ್ಕು ಗುತ್ತಿಗೆದಾರನಿಗಿಲ್ಲ.

ಅರಣ್ಯದ ವಿಚಾರ ಇನ್ನೂ ಸೂಕ್ಷ್ಮ. ಅರಣ್ಯ ಕಾಯ್ದೆಯ ಸೆಕ್ಷನ್ 4ರಡಿ ಅಧಿಸೂಚನೆಯಾದ ಹಾಗೂ ಡೀಮ್ಡ್ ಅರಣ್ಯವೆಂದು ಗುರುತಿಸಿದ ಪ್ರದೇಶಗಳ ಕುರಿತು ಜಿಲ್ಲೆಯಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ ವರ್ಷಗಳಿಂದ ಗೊಂದಲವಿದೆ. ಋಣಭಾರ ಪ್ರಮಾಣಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಅರಣ್ಯ ಅಧಿಸೂಚನೆಯಾಗಲಿ, ಪಿಟಿಸಿಎಲ್ ಅರ್ಜಿಯಾಗಲಿ ಅಲ್ಲಿ ಕಾಣಬೇಕೆಂದಿಲ್ಲ. 'ಇ.ಸಿ. ಕ್ಲಿಯರ್ ಇದೆ' ಎಂಬ ಭರವಸೆಯ ಮಿತಿ ಇಷ್ಟೇ.

ಹಿಡುವಳಿ ಜಮೀನಾದರೂ ವಾಸಕ್ಕೆ ಬಳಸಲು 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್‌ನಡಿ ಭೂ ಪರಿವರ್ತನೆ ಆಗಿರಬೇಕು. 2020ರ ತಿದ್ದುಪಡಿಯಿಂದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾಯಿತು. ಇದನ್ನೇ ಮುಂದಿಟ್ಟುಕೊಂಡು 'ಫಾರಂ ಪ್ಲಾಟ್' ಹೆಸರಿನಲ್ಲಿ ತೋಟವನ್ನು ತುಂಡರಿಸಿ ಮಾರುವುದುಂಟು. ಕೊಳ್ಳುವ ಹಕ್ಕು ಬಂದಿತೆಂದ ಮಾತ್ರಕ್ಕೆ ಮನೆ ಕಟ್ಟುವ ಹಕ್ಕು ಬರುವುದಿಲ್ಲ. ಪರಿವರ್ತನೆಯ ಬಳಿಕ ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಅನುಮೋದನೆ, ಅನಂತರ ಪಂಚಾಯಿತಿಯ ಇ-ಸ್ವತ್ತು ದಾಖಲೆ. ನಮೂನೆ 9 ಮತ್ತು 11ಎ ಇರುವ ನಿವೇಶನಕ್ಕೂ 11ಬಿ ಮಾತ್ರ ಇರುವ ನಿವೇಶನಕ್ಕೂ ಬೆಲೆಯಲ್ಲಿ ಅಂತರವಿರುವುದು ಸುಮ್ಮನೆ ಅಲ್ಲ.

ಸೊಸೈಟಿಯ ಮೂಲಕ ಕೊಳ್ಳುವುದಾದರೆ

ಗೃಹ ನಿರ್ಮಾಣ ಸಹಕಾರ ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗುತ್ತವೆ. ನೋಂದಣಿ ಸಂಘದ್ದು, ಭೂಮಿಯದಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಬೆಂಗಳೂರಿನ ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣ ಇದಕ್ಕೆ ನಿದರ್ಶನ. ಸಂಘಕ್ಕಾಗಿ ಸರ್ಕಾರವೇ ಭೂಸ್ವಾಧೀನ ಮಾಡಿಕೊಟ್ಟಿದ್ದರೂ, ಮಧ್ಯವರ್ತಿಯ ಮೂಲಕ ನಡೆದ ಆ ಪ್ರಕ್ರಿಯೆಯನ್ನು ರದ್ದುಪಡಿಸಿದ ತೀರ್ಪನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿಯಿತು. ಸದಸ್ಯರ ಹಣ ಸಂದಾಯವಾಗಿತ್ತೆಂಬುದು ಸ್ವಾಧೀನವನ್ನು ಉಳಿಸಲಿಲ್ಲ.

ಸದಸ್ಯತ್ವ ಪೂರ್ಣವೋ ಅಥವಾ ಸಹಸದಸ್ಯತ್ವವೋ ಎಂಬುದನ್ನು ರಸೀದಿಯಲ್ಲೇ ನೋಡಬೇಕು. ಸಹಸದಸ್ಯರ ಹಕ್ಕು ಪೂರ್ಣ ಸದಸ್ಯರಷ್ಟಿರುವುದಿಲ್ಲ. ಬೈಲಾ, ಜ್ಯೇಷ್ಠತಾ ಪಟ್ಟಿ, ಲೆಕ್ಕಪರಿಶೋಧನಾ ವರದಿಗಳನ್ನು ಕೇಳಿ ಪಡೆಯಬೇಕು. 500 ಚದರ ಮೀಟರ್ ಮೀರಿದ ಲೇಔಟ್‌ಗೆ ರೇರಾ ನೋಂದಣಿ ಅಗತ್ಯ. 2016ರ ಈ ಕಾಯ್ದೆಯಂತೆ, ನೋಂದಾಯಿತ ಕರಾರುಪತ್ರವಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕಂತುಗಳನ್ನು ಮೊದಲೇ ಕಟ್ಟಿಸಿಕೊಂಡು ಕರಾರನ್ನು ಮುಂದಕ್ಕೆ ಹಾಕುವವರಿಗೆ ಈ ನಿಯಮವನ್ನು ನೆನಪಿಸಬಹುದು.

ಗುಡ್ಡದ ಇಳಿಜಾರು

ಕಾಗದಪತ್ರಗಳೆಲ್ಲ ಸರಿಯಿದ್ದರೂ ಮಣ್ಣು ಸರಿಯಿರಬೇಕಲ್ಲ! 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಭಾಗದಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ನಾಶವಾದವು. ಅಲ್ಲಿ ನೆಲೆ ಕಳೆದುಕೊಂಡವರು ಹೊಸದಾಗಿ ಬಂದು ನಿವೇಶನ ಕೊಂಡವರಲ್ಲ, ಮಳೆಯ ಸ್ವಭಾವ ಬಲ್ಲ ಸ್ಥಳೀಯರೇ. ಲೇಔಟ್‌ಗಾಗಿ ಜೆಸಿಬಿಯಿಂದ ಇಳಿಜಾರನ್ನು ಲಂಬವಾಗಿ ಕತ್ತರಿಸಿ, ಮಣ್ಣನ್ನು ಕೆಳಗೆ ತುಂಬಿ ಸಮತಟ್ಟು ಮಾಡಿದ ಜಾಗದಲ್ಲಿ ಅಪಾಯ ಹೆಚ್ಚು. ತುಂಬಿದ ಮಣ್ಣಿನ ಮೇಲಿನ ನಿವೇಶನ ಬೇಸಿಗೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಜುಲೈನಲ್ಲಿ ಹೋಗಿ ನೀರು ಎಲ್ಲಿ ಹರಿಯುತ್ತದೆ, ಹಳೆಯ ಹಳ್ಳವನ್ನು ಮುಚ್ಚಲಾಗಿದೆಯೇ ಎಂದು ನೋಡುವುದು ಲೇಸು.

ವಯನಾಡಿನಲ್ಲಿ 2024ರ ಜುಲೈ 30ರಂದು ಭೂಕುಸಿತ ಸಂಭವಿಸಿದ ಮರುದಿನವೇ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಮೂಡಿಗೆರೆ ಭಾಗದ ಗ್ರಾಮಗಳೂ ಸೇರಿವೆ. ಕರಡಿನಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಹೊಸ ಕಟ್ಟಡ ಯೋಜನೆಗಳಿಗೆ ನಿಷೇಧದ ಪ್ರಸ್ತಾವವಿದೆ. ಒಂಟಿ ಮನೆಗೆ ಅದು ಅಡ್ಡಿಯಲ್ಲ. ಆದರೂ ದೊಡ್ಡ ಬಡಾವಣೆಯ ಎರಡನೇ, ಮೂರನೇ ಹಂತಗಳನ್ನು ನಂಬಿ ಹಣ ಹೂಡುವವರು ಗ್ರಾಮದ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ವೆಚ್ಚದ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರುತ್ತವೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಲಾಗಿದೆ.