ಗೈರುಹಾಜರಿಯ ಪದವೀಧರರು

ಘಟಿಕೋತ್ಸವಕ್ಕೆ ಮುಂಚೆ ವಿಶ್ವವಿದ್ಯಾಲಯಗಳು ತುಂಬಿಸಿಕೊಳ್ಳುವ ಅರ್ಜಿಯಲ್ಲಿ ಒಂದು ಸಾಲು ಇರುತ್ತದೆ: ಪದವಿಯನ್ನು ಖುದ್ದು ಹಾಜರಿದ್ದು ಪಡೆಯುವಿರೋ, ಗೈರುಹಾಜರಿಯಲ್ಲಿ ಪಡೆಯುವಿರೋ? ಒಂದಕ್ಕೆ ಗುರುತು ಹಾಕಿ ಶುಲ್ಕ ಕಟ್ಟಿದರೆ ವಿದ್ಯಾರ್ಥಿಯ ಪಾಲಿನ ಕೆಲಸ ಮುಗಿಯಿತು. ರಾಯಚೂರು ಸೀಮೆಯ ಉನ್ನತ ಶಿಕ್ಷಣದ ಚರಿತ್ರೆ ಬರೆಯುವವರು ಯಾವ ಕಾಲೇಜು ಎಂದು ತೆರೆಯಿತು, ಯಾರು ದಾನ ಕೊಟ್ಟರು, ಎಷ್ಟು ಮಂದಿ ಓದಿದರು ಎಂದು ಲೆಕ್ಕ ಕೊಡುತ್ತಾರೆ. ಆ ಸಾಲಿನ ಎರಡನೆಯ ಆಯ್ಕೆಗೂ ಒಂದು ಚರಿತ್ರೆ ಇದೆ. ಒಂದು ಶತಮಾನದುದ್ದಕ್ಕೂ ಈ ಸೀಮೆಯವರಿಗೆ ಪದವಿ ಕೊಡುವ ಸಭೆ ನಡೆದದ್ದು ಬೇರೆ ಊರಿನಲ್ಲಿ: ಮದ್ರಾಸಿನಲ್ಲಿ, ಹೈದರಾಬಾದಿನಲ್ಲಿ, ಧಾರವಾಡದಲ್ಲಿ, ಕಲಬುರಗಿಯಲ್ಲಿ. ಪದವಿ ಎಂದರೆ ನೌಕರಿಗೆ ಬೇಕಾದ ಕಾಗದ, ಅದಕ್ಕೊಂದು ಸಭೆ ಯಾಕೆ ಎಂಬ ಭಾವನೆ ಇಲ್ಲಿ ಬೇರೂರಿದ್ದು ಜನರ ಉದಾಸೀನದಿಂದಲ್ಲ, ಈ ದೂರದಿಂದ ಎಂಬುದು ನನ್ನ ವಾದ.

ದೂರವನ್ನು ರೈಲಿನ ದಾರಿಯಲ್ಲೇ ಅಳೆದು ನೋಡಬಹುದು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ಕೂಡಿಕೊಂಡದ್ದು ರಾಯಚೂರಿನಲ್ಲೇ. 1857ರಲ್ಲಿ ಹುಟ್ಟಿದ ಮೂರು ವಿಶ್ವವಿದ್ಯಾಲಯಗಳಲ್ಲಿ ಎರಡು ಆ ಹಳಿಯ ಎರಡು ತುದಿಗಳಲ್ಲಿದ್ದವು; ನಡುವಿನ ಊರಿಗೆ ಸಿಕ್ಕದ್ದು ಜಂಕ್ಷನ್ ಮಾತ್ರ. ರಾಯಚೂರು ಸೇರಿದ್ದ ನಿಜಾಮರ ರಾಜ್ಯದೊಳಗೆ ಬಿ.ಎ. ಓದಬೇಕೆಂದರೆ ಹೈದರಾಬಾದಿನ ನಿಜಾಂ ಕಾಲೇಜು. ಅದು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದ್ದರಿಂದ ಪದವಿ ಮದ್ರಾಸಿನದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದಾಗ ಸಭೆ ಹೈದರಾಬಾದಿನಷ್ಟು ಹತ್ತಿರ ಬಂತು, ಆದರೆ ಕಲಿಕೆಯ ಭಾಷೆ ಉರ್ದು. ದೇಶಭಾಷೆಯೊಂದರಲ್ಲಿ ಎಲ್ಲ ವಿಷಯಗಳನ್ನೂ ಕಲಿಸಿದ ವಿಶ್ವವಿದ್ಯಾಲಯವೆಂಬ ಹಿರಿಮೆ ಅದಕ್ಕಿದೆ, ಅದು ಸಣ್ಣದಲ್ಲ. ಆದರೆ ರಾಯಚೂರು ಸೀಮೆಯ ಮಾನ್ವಿಯ ಕನ್ನಡ ಮನೆಯ ಹುಡುಗನಿಗೆ ಇಂಗ್ಲಿಷಿನಷ್ಟೇ ಅದೂ ಪರಭಾಷೆ. ಹೈದರಾಬಾದಿಗೆ ಹೋಗಲೂ ನೇರ ರೈಲು ದಾರಿ ಇರಲಿಲ್ಲ. ವಾಡಿಗೆ ಹೋಗಿ ಗಾಡಿ ಬದಲಿಸಬೇಕಿತ್ತು. ಗದ್ವಾಲದ ಮೂಲಕ ನೇರ ಹಳಿ ಬಂದದ್ದು 2013ರಲ್ಲಿ. 1938ರ ವಂದೇ ಮಾತರಂ ಚಳವಳಿಯಲ್ಲಿ ಉಸ್ಮಾನಿಯಾ ಹೊರಹಾಕಿದ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಅವರ ಪಾಲಿಗೆ ಆ ಸಭೆ ಇನ್ನಷ್ಟು ದೂರ ಸರಿಯಿತು.

ಉರ್ದುವಿನಲ್ಲಿ ಘಟಿಕೋತ್ಸವಕ್ಕೆ ‘ತಕ್ಸೀಮೆ ಅಸ್ನಾದ್’ ಎನ್ನುತ್ತಾರೆ. ಅಸ್ನಾದ್ ಎಂದರೆ ಸನದುಗಳು. ಸನದುಗಳ ಹಂಚಿಕೆ ಎಂದರ್ಥ. ಸನದು ಎಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಇನಾಮು ಭೂಮಿಗೆ, ವತನಕ್ಕೆ ಸರಕಾರ ಬರೆದುಕೊಟ್ಟ ಕಾಗದ ಸನದು. ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದರು, ತಕರಾರು ಬಂದಾಗ ಹೊರಗೆ ತೆಗೆಯುತ್ತಿದ್ದರು. ಪದವಿಯೂ ಅದೇ ಪೆಟ್ಟಿಗೆ ಸೇರಿತು. ಕನ್ನಡ ಮಾತ್ರ ಬೇರೆ ಪದ ಹಿಡಿಯಿತು. ಹಿಂದಿಯವರು ದೀಕ್ಷಾಂತ ಎಂದರು, ತೆಲುಗರು ಸ್ನಾತಕೋತ್ಸವ ಎಂದರು. ನಾವು ಶಾಸನಗಳಲ್ಲಿ ಬರುವ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವನ್ನು ನೆನಪಿಗೆ ತರುವಂತೆ ಘಟಿಕೋತ್ಸವ ಎಂದೆವು. ಆ ಘಟಿಕಾಸ್ಥಾನಗಳಲ್ಲಿ ಹೆಸರಾದ ಒಂದು ಇದ್ದದ್ದು ಈ ಸೀಮೆಯಿಂದ ಬಹಳ ದೂರದಲ್ಲೇನಲ್ಲ, ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ. 1058ರ ಅಲ್ಲಿನ ಶಾಸನ ವೇದ ಓದುವ 200 ಮಂದಿಗೆ, ಶಾಸ್ತ್ರ ಓದುವ 52 ಮಂದಿಗೆ, ಅವರ ಉಪಾಧ್ಯಾಯರಿಗೆ, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಅದು ಎಲ್ಲರಿಗೂ ತೆರೆದ ಶಾಲೆಯಾಗಿರಲಿಲ್ಲ; ಅಂದಿನ ಅಗ್ರಹಾರದ ಬಾಗಿಲು ಯಾರಿಗೆ ತೆರೆಯುತ್ತಿತ್ತು ಎಂಬುದು ಗೊತ್ತಿರುವ ಸಂಗತಿ. ಆದರೂ ಪುಸ್ತಕ ಕಾಯುವವನ ಅನ್ನವನ್ನೂ ಲೆಕ್ಕ ಹಾಕಿ ಕಲ್ಲಿನ ಮೇಲೆ ಬರೆಸಿ ನಿಲ್ಲಿಸಿದ ಆ ಕ್ರಮದಲ್ಲಿ ಒಂದು ತಿಳಿವಳಿಕೆ ಇದೆ: ವಿದ್ಯೆಗೆ ಸಾಕ್ಷಿ ಬೇಕು, ಆ ಸಾಕ್ಷಿ ನಾಲ್ಕು ಜನರ ಕಣ್ಣೆದುರಿಗೆ ಇರಬೇಕು.

1956ರ ನವೆಂಬರ್ 1ರಂದು ರಾಯಚೂರು ಕನ್ನಡನಾಡಿಗೆ ಸೇರಿತು. ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಡಳಿತಕ್ಕೆ ಹೋದವು. ಭಾಷೆಯ ದೃಷ್ಟಿಯಿಂದ ಮನೆಗೆ ಬಂದಂತಾಯಿತು, ದಾರಿಯ ದೃಷ್ಟಿಯಿಂದ ಅಲ್ಲ. ಗುಂತಕಲ್ಲಿಗೆ ಇಳಿದು, ಅಲ್ಲಿ ಮೀಟರ್‌ಗೇಜ್ ಗಾಡಿ ಹಿಡಿದು, ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ ದಾಟಿ ಧಾರವಾಡ ಮುಟ್ಟಬೇಕಿತ್ತು. ಇಷ್ಟೆಲ್ಲ ಒಂದು ದಿನದ ಗೌನಿಗಾಗಿ. ಹೋಗಲು ಶಕ್ತಿಯಿದ್ದ ಮನೆಗಳು ಕೆಲವು; ಉಳಿದವರ ಕಾಗದ ಅಂಚೆಯಲ್ಲಿ ಇಲ್ಲವೇ ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಬಂತು. ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿದ್ದ ಗುಲಬರ್ಗಾ (ಇಂದಿನ ಕಲಬುರಗಿ) 1980ರಲ್ಲಿ ತಾನೇ ವಿಶ್ವವಿದ್ಯಾಲಯವಾದಾಗ ರಾಯಚೂರು ನಗರದವರಿಗೆ ದಾರಿ ಅರ್ಧಕ್ಕಿಂತ ಕಡಿಮೆಯಾಯಿತು, ಅದೂ ನೇರ ರೈಲಿನ ಮೇಲೆ. ಅದೇ ಜಿಲ್ಲೆಯ ದೇವದುರ್ಗದವರಿಗೆ ಹಾಗಲ್ಲ. ದೇವದುರ್ಗಕ್ಕೆ ಇವತ್ತಿಗೂ ರೈಲಿಲ್ಲ. ಅಲ್ಲಿಂದ ಕಲಬುರಗಿಗೆ ಹತ್ತಿರದ ದಾರಿ ಹೂವಿನಹೆಡಗಿ ಬಳಿ ಕೃಷ್ಣೆಯನ್ನು ದಾಟಿ ಶಹಾಪುರದ ಮೇಲೆ ಹೋಗುತ್ತದೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಆ ಸೇತುವೆಯೇ ಮುಳುಗುತ್ತದೆ. ನಕಾಶೆಯ ಮೇಲೆ ಒಂದೇ ವಿಶ್ವವಿದ್ಯಾಲಯ. ಆದರೆ ರಾಯಚೂರು ಸ್ಟೇಷನ್ನಿನಿಂದ ಹೊರಟವನಿಗೂ ದೇವದುರ್ಗದ ಬಸ್‌ಸ್ಟ್ಯಾಂಡಿನಿಂದ ಹೊರಟವನಿಗೂ ಅದು ಒಂದೇ ಆಗಿರಲಿಲ್ಲ.

ಇಲ್ಲಿ ಒಂದು ತಕರಾರು ಏಳುತ್ತದೆ: ಸಭೆಗೆ ಹೋಗದಿದ್ದರೆ ನಷ್ಟವೇನು? ಪದವಿಯ ಬೆಲೆ ಅಷ್ಟೇ ತಾನೆ? ಕಾನೂನಿನ ಪ್ರಕಾರ ಅಷ್ಟೇ, ನಿಜ. ಘಟಿಕೋತ್ಸವದ ಕ್ರಮವೂ ಹಾಗೇ ಇದೆ. ಕುಲಸಚಿವರ ಹಿಂದೆ ವಿದ್ಯಾವಿಷಯಕ ಪರಿಷತ್ತಿನ, ಸಿಂಡಿಕೇಟಿನ ಸದಸ್ಯರು ಸಾಲಾಗಿ ಬರುತ್ತಾರೆ, ಕುಲಾಧಿಪತಿಗಳು ಸಭೆ ಆರಂಭವಾಯಿತೆಂದು ಘೋಷಿಸುತ್ತಾರೆ, ಪಿಎಚ್.ಡಿ.ಯವರೂ ಬಂಗಾರದ ಪದಕದವರೂ ವೇದಿಕೆ ಹತ್ತುತ್ತಾರೆ. ಉಳಿದವರನ್ನು ಆಯಾ ನಿಕಾಯದ ಡೀನರು ಒಟ್ಟಾಗಿ ಮುಂದಿಡುತ್ತಾರೆ. ಕುಳಿತಲ್ಲೇ ಎದ್ದು ನಿಂತ ನೂರಾರು ಜನರಿಗೂ ಸಭೆಗೆ ಬಾರದ ಸಾವಿರಾರು ಜನರಿಗೂ ಅದೇ ಒಂದು ವಾಕ್ಯದಲ್ಲಿ ಪದವಿ ಸಿಗುತ್ತದೆ. ಆದರೆ ಕಾನೂನಿನ ಬೆಲೆಯೇ ಎಲ್ಲ ಬೆಲೆಯೂ ಅಲ್ಲ. ವಿಶ್ವವಿದ್ಯಾಲಯವು ವಿದ್ಯಾರ್ಥಿಯ ಮನೆಯವರನ್ನು ಎದುರುಗೊಳ್ಳುವುದು ವರ್ಷಕ್ಕೆ ಈ ಒಂದೇ ದಿನ. ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವೂ ಮಗ, ಮಗಳು ಮತ್ತು ಕಚೇರಿಯ ನಡುವೆ ಮುಗಿಯುತ್ತವೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ಹೆಣ್ಣುಮಕ್ಕಳದು ಶೇ. 48.73. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ ತಾಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇದೆ, ಮಾನ್ವಿಯೂ ಇದೆ. ಹತ್ತಿ ಬಿಡಿಸಿ, ಭತ್ತ ನಾಟಿ ಮಾಡಿ ಮಗಳನ್ನು ಓದಿಸಿದ ತಾಯಿಗೆ ಅಂಕಪಟ್ಟಿ ಓದಲು ಬರದಿರಬಹುದು. ಹೆಸರು ಕೂಗಿದಾಗ ಸಭೆ ಎದ್ದು ನೋಡಿದ್ದು ಅವಳಿಗೆ ಅರ್ಥವಾಗುತ್ತದೆ. ಗೈರುಹಾಜರಿಯ ಪದವಿ ಕಸಿದುಕೊಂಡದ್ದು ವಿದ್ಯಾರ್ಥಿಯ ಪಾಲನ್ನಲ್ಲ, ಈ ತಾಯಿಯ ಪಾಲನ್ನು.

ಗೌನು, ಟೊಪ್ಪಿಗೆ, ಮೆರವಣಿಗೆ ಎಲ್ಲ ಬ್ರಿಟಿಷರ ಬಳುವಳಿ, ಅದು ಇಲ್ಲಿಗೆ ಬಾರದಿದ್ದರೆ ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. 2010ರಲ್ಲಿ ಕೇಂದ್ರ ಸಚಿವರಾಗಿದ್ದ ಜೈರಾಂ ರಮೇಶ್ ಭೋಪಾಲದ ಘಟಿಕೋತ್ಸವವೊಂದರ ವೇದಿಕೆಯ ಮೇಲೆಯೇ ಗೌನು ತೆಗೆದುಹಾಕಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಯುಜಿಸಿ ಕೈಮಗ್ಗದ ಬಟ್ಟೆಯ ಉಡುಪು ಬಳಸಿರೆಂದು ವಿಶ್ವವಿದ್ಯಾಲಯಗಳಿಗೆ ಹೇಳಿತು. ಉಡುಪು ಬದಲಾಗಲಿ, ಹತ್ತಿ ಬೆಳೆಯುವ ಸೀಮೆಯಲ್ಲಿ ಹತ್ತಿಯ ಶಲ್ಯ ಹೊದೆಯುವುದಕ್ಕಿಂತ ಸಹಜವಾದದ್ದೇನು? ಆದರೆ ಕಲಿತವನಿಗೆ ಮಾನ್ಯತೆಯನ್ನು ಹಿರಿಯರ ಸಮ್ಮುಖದಲ್ಲಿ ಕೊಡುವ ಪದ್ಧತಿಯೇ ಪರದೇಶದ್ದು ಎಂದರೆ ಈ ನೆಲದ ಚರಿತ್ರೆ ಒಪ್ಪುವುದಿಲ್ಲ. ಮಾನ್ವಿ ತಾಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು ಇವರ ದಾಸಪರಂಪರೆಯಲ್ಲಿ ಅಂಕಿತ ಎಂಬುದಿತ್ತು, ದಾಸರು ತಮ್ಮ ಹಾಡುಗಳಲ್ಲಿ ಬಳಸುವ ಮುದ್ರೆನಾಮ. ಶ್ರೀನಿವಾಸಾಚಾರ್ಯರೆಂದು ಹೆಸರಾಗಿದ್ದ ಸಂಸ್ಕೃತ ಪಂಡಿತರು ಜಗನ್ನಾಥದಾಸರಾದದ್ದು ತಮ್ಮ ಪಾಂಡಿತ್ಯದ ಬಲದಿಂದಲ್ಲ. ಗೋಪಾಲದಾಸರ ಅನುಗ್ರಹ ಪಡೆದು, ಪಂಢರಪುರಕ್ಕೆ ಹೋಗಿ ‘ಜಗನ್ನಾಥವಿಠಲ’ ಎಂಬ ಅಂಕಿತ ಹೊತ್ತು ಬಂದ ಮೇಲೆ ಎಂಬುದು ದಾಸಪರಂಪರೆಯ ನಂಬಿಕೆ. ಅಂಕಿತವಿಲ್ಲದೆಯೂ ಹಾಡು ಕಟ್ಟಬಹುದು. ಅಂಕಿತ ಸಿಕ್ಕ ಮೇಲೆ ಹಾಡುವವನು ಒಂದು ಪರಂಪರೆಗೆ ಉತ್ತರ ಹೇಳಬೇಕಾದವನಾಗುತ್ತಾನೆ, ಪರಂಪರೆಯೂ ಅವನನ್ನು ತನ್ನವನೆಂದು ಹೇಳಬೇಕಾಗುತ್ತದೆ. ಘಟಿಕೋತ್ಸವದಲ್ಲಿ ಪದವೀಧರರು ಮಾಡುವ ಪ್ರತಿಜ್ಞೆಯಲ್ಲಿ ಇರುವುದೂ ಇಂಥ ಕೊಡುಕೊಳ್ಳುವಿಕೆಯೇ. ಅಂಚೆಯಲ್ಲಿ ಬಂದ ಕಾಗದದಲ್ಲಿ ಪ್ರತಿಜ್ಞೆ ಇರುವುದಿಲ್ಲ.

ಕೊನೆಗೂ ಸಭೆ ರಾಯಚೂರಿಗೆ ಬಂದದ್ದು ಹೊಲದ ದಾರಿಯಿಂದ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಇಲ್ಲಿನ ಕಾಲೇಜು, ಸಂಶೋಧನಾ ಕೇಂದ್ರಗಳನ್ನು ಸೇರಿಸಿ 2008ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಆಯಿತು. ಬೀದರಿನಿಂದ ಬಳ್ಳಾರಿಯವರೆಗೆ ಇಡೀ ಕಲ್ಯಾಣ ಕರ್ನಾಟಕ ಅದರ ವ್ಯಾಪ್ತಿ. ಶತಮಾನದುದ್ದಕ್ಕೂ ಪದವಿಗೆಂದು ಹೊರಗೆ ಹೋದ ಊರಿಗೆ ಈಗ ಹೊರಗಿನವರು ಪದವಿಗೆಂದು ಬರತೊಡಗಿದರು. ಆಮೇಲೆ ಗುಲಬರ್ಗಾ ವಿಶ್ವವಿದ್ಯಾಲಯದ ಯರಗೇರಾ ಸ್ನಾತಕೋತ್ತರ ಕೇಂದ್ರವೇ ರಾಯಚೂರು, ಯಾದಗಿರಿ ಜಿಲ್ಲೆಗಳ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಈಗ ಅದು ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ಹಾಗೆಂದು ದೂರ ಪೂರ್ತಿ ಅಳಿದಿಲ್ಲ. ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವನ ಪದವಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು, ವೈದ್ಯನದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಕಾಲೇಜುಗಳೇ ‘ಗ್ರಾಜುಯೇಷನ್ ಡೇ’ ಎಂದು ಬೇರೆ ಸಮಾರಂಭ ಮಾಡಿಕೊಳ್ಳುವುದು ಆಡಂಬರಕ್ಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಅಸಲಿ ಸಭೆ ಕೈಗೆಟುಕದವರು ತಮ್ಮ ಮನೆಯವರಿಗಾಗಿ ಕಟ್ಟಿಕೊಂಡ ಸಭೆ ಅದು ಎಂದು ನಾನು ತಿಳಿಯುತ್ತೇನೆ.

ಖರ್ಚಿನ ಪ್ರಶ್ನೆ ಎತ್ತುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಮಾಡಿ ಅಧ್ಯಾಪಕರನ್ನು ನೇಮಿಸದಿದ್ದರೆ ಘಟಿಕೋತ್ಸವ ಬರಿಯ ಶಾಮಿಯಾನವಾಗುತ್ತದೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿದಾಗ ನೆರೆಯ ಕೊಪ್ಪಳದ್ದೂ ಅದರಲ್ಲಿ ಸೇರಿತ್ತು, ಕಾರಣ ಹಣ. ಅಧ್ಯಾಪಕನೋ ಸಮಾರಂಭವೋ ಎಂದು ಒಂದನ್ನೇ ಆರಿಸಬೇಕಾದರೆ ನಾನೂ ಅಧ್ಯಾಪಕನನ್ನೇ ಕೇಳುತ್ತೇನೆ. ಆದರೆ ಮುಚ್ಚುವ ಲೆಕ್ಕದಲ್ಲಿ ಕಟ್ಟಡ, ಸಂಬಳ, ಪಿಂಚಣಿ ಎಲ್ಲ ಬರುತ್ತವೆ. ಸಭೆ ಮತ್ತೆ ಇನ್ನೊಂದು ಜಿಲ್ಲೆಗೆ ಹೋದರೆ ಎಷ್ಟು ಮನೆಗಳು ಮತ್ತೆ ಗೈರುಹಾಜರಿಗೆ ಗುರುತು ಹಾಕುತ್ತವೆ ಎಂಬ ಅಂಕಣ ಆ ಲೆಕ್ಕದಲ್ಲಿ ಬರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ತಕರಾರು ಇದು: ಸಭೆ ರಾಯಚೂರಿಗೇ ಬಂದರೂ ವೇದಿಕೆ ಹತ್ತುವವರು ಪದಕದವರು ಮತ್ತು ಪಿಎಚ್.ಡಿ.ಯವರು, ದೇವದುರ್ಗ, ಮಾನ್ವಿಯ ಸರಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ., ಬಿ.ಕಾಂ. ಮಕ್ಕಳು ಇಂದಿಗೂ ಕಿಟಕಿಯ ಮುಂದೆಯೇ ನಿಲ್ಲುತ್ತಾರೆ. ಇದನ್ನು ಒಪ್ಪಲೇಬೇಕು. ಅವರ ಅನುಭವದಲ್ಲಿ ಘಟಿಕೋತ್ಸವ ಎಂದರೆ ಸಡಗರವಲ್ಲ, ತಡ: ಫಲಿತಾಂಶ ಬಂದು ತಿಂಗಳುಗಳಾದರೂ ತಾತ್ಕಾಲಿಕ ಪದವಿ ಪ್ರಮಾಣಪತ್ರ (ಪಿಡಿಸಿ) ಹಿಡಿದು ನೌಕರಿಯ ಅರ್ಜಿ ಹಾಕಬೇಕು, ಅಸಲಿ ಪ್ರಮಾಣಪತ್ರಕ್ಕೆ ಕುಲಾಧಿಪತಿಗಳ ದಿನಾಂಕ ಸಿಗಬೇಕು. ಅರ್ಹತೆ ಪಡೆದ 180 ದಿನಗಳೊಳಗೆ ಪದವಿ ಕೊಡಬೇಕೆಂದು ಯುಜಿಸಿ ನಿಯಮ ಮಾಡಿದ್ದು ಇದಕ್ಕೇ. ಈಗ ಡಿಜಿಲಾಕರ್ ಬಂದಿದೆ, ಕಾಗದ ಮೊಬೈಲಿಗೇ ಬರಬಲ್ಲದು. ಹಾಗಾದ ಮೇಲೆ ಸಭೆಯನ್ನು ಕಾಗದದ ಹಂಗಿನಿಂದ ಬಿಡಿಸಬಹುದು. ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಬರಲಿ; ಸಭೆ ಸಾಕ್ಷಿಯಾಗುವ ತನ್ನ ಕೆಲಸವನ್ನಷ್ಟೇ ಮಾಡಲಿ. ಆ ಕೆಲಸಕ್ಕೆ ಕುಲಾಧಿಪತಿಗಳಾದ ರಾಜ್ಯಪಾಲರೇ ಬರಬೇಕೆಂದಿಲ್ಲ, ದೊಡ್ಡ ಸಭಾಂಗಣವೂ ಬೇಕಿಲ್ಲ. ಡೀನರೊಬ್ಬರು ಪಟ್ಟಿ ಹಿಡಿದು ಮಾನ್ವಿಗೆ ಒಂದು ದಿನ, ದೇವದುರ್ಗಕ್ಕೆ ಒಂದು ದಿನ ಬರಬಹುದು. ಕಾಲೇಜಿನ ಅಂಗಳದಲ್ಲಿ ಕುರ್ಚಿ ಹಾಕಿ, ಮುಂದಿನ ಸಾಲು ಮನೆಯವರಿಗೆ ಬಿಟ್ಟು, ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ, ಅವರ ಊರನ್ನೂ, ಅಪ್ಪ ಅವ್ವರ ಹೆಸರನ್ನೂ ಗಟ್ಟಿಯಾಗಿ ಓದಲಿಕ್ಕೆ ಒಂದು ಮಧ್ಯಾಹ್ನ ಸಾಕು.