ಒಂದೇ ತಳಹದಿಯ ಐಷಾರಾಮಿ ಕಾರುಗಳು

ಒಂದೇ ಸಮೂಹಕ್ಕೆ ಸೇರಿದ ಕಂಪನಿಗಳು ಒಂದೇ ತಳಹದಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಬಳಸಿ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಮಾರುವ ದುಬಾರಿ ಕಾರುಗಳು. ಉದ್ಯಮದವರು ಈ ತಳಹದಿಯನ್ನು ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಹೊಸ ಪ್ಲಾಟ್‌ಫಾರ್ಮ್ ರೂಪಿಸಲು ಸಾವಿರಾರು ಕೋಟಿ ರೂಪಾಯಿ ಬೇಕಾಗುವುದರಿಂದ ಆ ಖರ್ಚನ್ನು ಹಲವು ಮಾದರಿಗಳಿಗೆ ಹಂಚುವುದು ಕಂಪನಿಗಳ ಪದ್ಧತಿ. ಒಳಗಿನ ಲೋಹ ಒಂದೇ ಆಗಿದ್ದರೂ ಕೆಲವರು ಹತ್ತಾರು ಲಕ್ಷ ಹೆಚ್ಚು ಕೊಟ್ಟು ಒಂದು ಹೆಸರನ್ನೇ ಆರಿಸುತ್ತಾರೆ. ಅದಕ್ಕೆ ಕಾರಣವೇನೆಂಬುದು ಈ ಕಾರುಗಳ ಅಧ್ಯಯನದ ಮುಖ್ಯ ಪ್ರಶ್ನೆ. ಇಂಥ ಕಾರುಗಳಿಗೆ ಕರ್ನಾಟಕದಲ್ಲಿ ಸಿಗುವ ಅತ್ಯಂತ ಸ್ಪಷ್ಟ ಉದಾಹರಣೆ ಬೆಂಗಳೂರಿನ ನೈಋತ್ಯಕ್ಕೆ, ಕೆಂಗೇರಿಯನ್ನು ದಾಟಿದರೆ ಸಿಗುವ ಬಿಡದಿಯಲ್ಲಿದೆ.

ಬಿಡದಿಯ ಕ್ಯಾಮ್ರಿ ಮತ್ತು ಲೆಕ್ಸಸ್ ಇಎಸ್

ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಯಿತು. ಬಿಡದಿಯ 432 ಎಕರೆ ಆವರಣದಿಂದ ಹೊರಬಂದ ಅದರ ಮೊದಲ ವಾಹನ ಕ್ವಾಲಿಸ್. 2005ರಲ್ಲಿ ಇನೋವಾ, 2009ರಲ್ಲಿ ಫಾರ್ಚೂನರ್ ಬಂದವು. 2013ರಿಂದ ಹೈಬ್ರಿಡ್ ಕ್ಯಾಮ್ರಿಯನ್ನೂ ಇಲ್ಲೇ ಜೋಡಿಸಲಾಗುತ್ತಿದೆ. ಟೊಯೊಟಾದ ಐಷಾರಾಮಿ ಶಾಖೆಯಾದ ಲೆಕ್ಸಸ್ 2017ರ ಮಾರ್ಚ್‌ನಲ್ಲಿ ಭಾರತಕ್ಕೆ ಕಾಲಿಟ್ಟಿತು. ಮೊದಲ ಮಾರಾಟ ಕೇಂದ್ರಗಳನ್ನು ತೆರೆದ ನಗರಗಳಲ್ಲಿ ಬೆಂಗಳೂರೂ ಒಂದು. ಏಳನೇ ಪೀಳಿಗೆಯ ಲೆಕ್ಸಸ್ ಇಎಸ್ 300ಎಚ್ 2018ರಲ್ಲಿ ಪೂರ್ತಿ ಆಮದಾಗಿ ಬಂದಾಗ ಅದರ ಶೋರೂಂ ಬೆಲೆ 59.13 ಲಕ್ಷ ರೂಪಾಯಿ. 2020ರ ಆರಂಭದಲ್ಲಿ ಅದನ್ನೂ ಬಿಡದಿಯಲ್ಲೇ ಜೋಡಿಸಲು ಶುರುಮಾಡಿದ ಮೇಲೆ ಆರಂಭಿಕ ಬೆಲೆ 51.90 ಲಕ್ಷಕ್ಕೆ ಇಳಿಯಿತು. ಸಿದ್ಧ ಕಾರಿಗೆ ಬೀಳುವ ಆಮದು ಸುಂಕಕ್ಕಿಂತ ಬಿಡಿಭಾಗಗಳ ಮೇಲಿನ ಸುಂಕ ಬಹಳ ಕಡಿಮೆಯಾದ್ದರಿಂದ ಈ ಇಳಿಕೆ ಸಾಧ್ಯವಾಯಿತು.

ಅದೇ ಬಿಡದಿಯಿಂದ ಹೊರಡುತ್ತಿದ್ದ ಎಂಟನೇ ಪೀಳಿಗೆಯ ಕ್ಯಾಮ್ರಿ 2019ರ ಜನವರಿಯಲ್ಲಿ 36.95 ಲಕ್ಷಕ್ಕೆ ಮಾರುಕಟ್ಟೆಗೆ ಬಂದಿತ್ತು. ಎರಡೂ ಕಾರುಗಳ ತಳಹದಿ ಟೊಯೊಟಾದ ಜಿಎ-ಕೆ ಪ್ಲಾಟ್‌ಫಾರ್ಮ್. ಎರಡರಲ್ಲೂ 2,487 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಮತ್ತು ಅದರ ಜೊತೆಗೆ ವಿದ್ಯುತ್ ಮೋಟಾರ್ ಇದ್ದವು. ಒಟ್ಟು ಶಕ್ತಿಯೂ ಎರಡರದ್ದೂ 218 ಅಶ್ವಶಕ್ತಿ. ವೇಗ ಮತ್ತು ಪಿಕಪ್‌ನ ಲೆಕ್ಕದಲ್ಲಿ ಹೆಚ್ಚು ಕೊಟ್ಟವರಿಗೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಆದರೂ ಬೆಲೆಯ ಅಂತರ 14.95 ಲಕ್ಷ.

ಆ ಅಂತರದಲ್ಲಿ ಒಂದು ಪಾಲು ಕಣ್ಣಿಗೆ ಕಾಣುವಂಥದ್ದು. ಆ ಪೀಳಿಗೆಯ ಕ್ಯಾಮ್ರಿಯ ವ್ಹೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,825 ಮಿಲಿಮೀಟರ್, ಇಎಸ್‌ನದು 2,870. ಹೆಚ್ಚಾದ 45 ಮಿಲಿಮೀಟರ್ ಹಿಂದಿನ ಸೀಟಿನಲ್ಲಿ ಕೂತವರ ಕಾಲಿಗೆ ಸಿಗುತ್ತಿತ್ತು. ಇಎಸ್‌ನ ಒಟ್ಟು ಉದ್ದವೂ 90 ಮಿಲಿಮೀಟರ್ ಹೆಚ್ಚಿತ್ತು. ಕ್ಯಾಮ್ರಿಯಲ್ಲಿ ಜೆಬಿಎಲ್‌ನ 9 ಸ್ಪೀಕರ್‌ಗಳು, ಇಎಸ್‌ನ ಮೇಲ್ದರ್ಜೆಯಲ್ಲಿ ಮಾರ್ಕ್ ಲೆವಿನ್‌ಸನ್‌ನ 17 ಸ್ಪೀಕರ್‌ಗಳು. ಇನ್ನೊಂದು ಪಾಲು ಕಣ್ಣಿಗೆ ಬೀಳದು, ಕಾರಿನೊಳಗೆ ಕೂತರೆ ಅನುಭವಕ್ಕೆ ಬರುತ್ತದೆ. ಎರಡು ಪದರದ ಗಾಜು, ಹೆಚ್ಚಿನ ಶಬ್ದನಿರೋಧಕ ಹೊದಿಕೆ, ಸೀಟಿನ ಚರ್ಮದ ಹೊಲಿಗೆ, ಬಾಗಿಲು ಮುಚ್ಚುವಾಗಿನ ಗಟ್ಟಿ ಸದ್ದು ಇದರಲ್ಲಿ ಸೇರುತ್ತವೆ. ಹಾಗೆಂದು ಕ್ಯಾಮ್ರಿ ಬಡ ಕಾರೇನಲ್ಲ. ಅದರ ಹಿಂದಿನ ಸೀಟೂ ಗುಂಡಿ ಒತ್ತಿದರೆ ಹಿಂದಕ್ಕೆ ಬಾಗುತ್ತದೆ. ಕೈಯಾಸರೆಯ ಮೇಲಿನ ಪರದೆಯಿಂದಲೇ ಎಸಿಯನ್ನು ಹೊಂದಿಸಬಹುದು. ಭಾರತದಲ್ಲಿ ಈ ಕಾರನ್ನು ಕೊಳ್ಳುವವರು ಬಹುತೇಕ ಹಿಂದೆ ಕೂರುವವರೇ ಎಂಬುದನ್ನು ಟೊಯೊಟಾ ಚೆನ್ನಾಗಿ ಅರಿತಿದೆ.

ಇನ್ನೊಂದು ವ್ಯತ್ಯಾಸ ಕಾಗದದ ಮೇಲಿದೆ. ಲೆಕ್ಸಸ್ ಇಂಡಿಯಾ 2024ರ ಜೂನ್‌ನಿಂದ ತನ್ನ ಹೊಸ ಕಾರುಗಳಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್‌ಗಳ ವಾರಂಟಿ ಕೊಡತೊಡಗಿತು. ಕ್ಯಾಮ್ರಿಗೆ ಅಷ್ಟು ದೀರ್ಘ ವಾರಂಟಿ ಇರುವುದು ಹೈಬ್ರಿಡ್ ಬ್ಯಾಟರಿಗೆ ಮಾತ್ರ. ಉಳಿದ ವಾಹನಕ್ಕೆ 3 ವರ್ಷ. ಕಾರನ್ನು ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಇದು ಸ್ಪೀಕರ್‌ಗಳ ಸಂಖ್ಯೆಗಿಂತ ಮುಖ್ಯವಾದ ಸಂಗತಿ. ಆದರೂ ಶೋರೂಂನಲ್ಲಿ ಹೆಚ್ಚು ಮಾತು ನಡೆಯುವುದು ಸ್ಪೀಕರ್‌ಗಳ ಬಗ್ಗೆಯೇ.

2024ರ ಡಿಸೆಂಬರ್‌ನಲ್ಲಿ ಬಂದ ಒಂಬತ್ತನೇ ಪೀಳಿಗೆಯ ಕ್ಯಾಮ್ರಿಯ ಆರಂಭಿಕ ಬೆಲೆ 48 ಲಕ್ಷ, ಶಕ್ತಿ 230 ಅಶ್ವಶಕ್ತಿ. ಅಂದರೆ ಆ ಹೊತ್ತಿಗೆ ಶೋರೂಂನಲ್ಲಿದ್ದ ಲೆಕ್ಸಸ್ ಇಎಸ್‌ಗಿಂತ ಕಡಿಮೆ ಬೆಲೆಯ ಕ್ಯಾಮ್ರಿಯೇ ಹೆಚ್ಚು ಶಕ್ತಿಶಾಲಿ.

ಲೆಕ್ಸಸ್‌ನ ಹುಟ್ಟು

ಟೊಯೊಟಾ ಅಮೆರಿಕದಲ್ಲಿ ಲೆಕ್ಸಸ್ ಹೆಸರನ್ನು 1989ರಲ್ಲಿ ಎರಡು ಕಾರುಗಳೊಂದಿಗೆ ಪರಿಚಯಿಸಿತು. ಎಲ್‌ಎಸ್ 400 ಹೊಸದಾಗಿ ರೂಪಿಸಿದ ಕಾರು. ಇಎಸ್ 250 ಆಗಿನ ಕ್ಯಾಮ್ರಿಯನ್ನೇ ಆಧರಿಸಿತ್ತು. ಲೆಕ್ಸಸ್‌ಗೆ ಗೌರವ ತಂದುಕೊಟ್ಟದ್ದು ಎಲ್‌ಎಸ್. ಇಎಸ್ 250 ಮಾತ್ರ ಎರಡೇ ವರ್ಷದಲ್ಲಿ ಮರೆಗೆ ಸರಿಯಿತು, ಅದರ ಜಾಗಕ್ಕೆ 1991ರಲ್ಲಿ ಇಎಸ್ 300 ಬಂತು. ಅಮೆರಿಕದವರು ಲೆಕ್ಸಸ್ ಎಂದು ಹೆಚ್ಚು ಬೆಲೆಗೆ ಕೊಂಡ ಹಲವು ಕಾರುಗಳನ್ನು ಜಪಾನಿನವರು ವರ್ಷಗಳ ಕಾಲ ಟೊಯೊಟಾ ಹೆಸರಿನಲ್ಲೇ ಓಡಿಸಿದರು. ಇಎಸ್ ಅಲ್ಲಿ ವಿಂಡಮ್, ಆರ್‌ಎಕ್ಸ್ ಅಲ್ಲಿ ಹ್ಯಾರಿಯರ್ ಆಗಿದ್ದವು. ಲೆಕ್ಸಸ್ ತವರಿಗೆ ಬಂದದ್ದು 2005ರಲ್ಲಿ.

ಅವಳಿ ಕಾರುಗಳ ಪರೀಕ್ಷೆ

ಹೆಸರಿಗೆ ಎಷ್ಟು ಬೆಲೆ ಇದೆ ಎಂದು ಅಳೆಯಲು ಅವಳಿ ಕಾರುಗಳಷ್ಟು ಒಳ್ಳೆಯ ಸಾಧನ ಸಿಗುವುದು ಅಪರೂಪ. 1984ರಿಂದ ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಕ್ಯಾಲಿಫೋರ್ನಿಯಾದ ನುಮ್ಮಿ ಕಾರ್ಖಾನೆಯನ್ನು ಜಂಟಿಯಾಗಿ ನಡೆಸಿದವು. ಅಲ್ಲಿ ತಯಾರಾದ ಒಂದೇ ಬಗೆಯ ಕಾರು ಒಂದು ಕಡೆ ಕೊರೊಲ್ಲಾ, ಇನ್ನೊಂದು ಕಡೆ ಶೆವ್ರೊಲೆ ನೋವಾ ಮತ್ತು ಮುಂದೆ ಜಿಯೊ ಪ್ರಿಜ್ಮ್ ಆಗಿ ಮಾರಾಟವಾಯಿತು. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆಯನ್ನು ಹೆಚ್ಚು ಉಳಿಸಿಕೊಂಡದ್ದು ಟೊಯೊಟಾ ಹೆಸರಿನ ಕಾರು. ಅಮೆರಿಕದ ಅರ್ಥಶಾಸ್ತ್ರಜ್ಞೆ ಮೇರಿ ಸಲಿವನ್ ಇಂಥ ಅವಳಿಗಳ ಬೆಲೆಗಳನ್ನು ಹೋಲಿಸಿ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೊಳ್ಳುವವರು ಅವಳಿಗಳನ್ನು ಒಂದೇ ಎಂದು ಎಣಿಸುವುದಿಲ್ಲ, ಒಂದು ಹೆಸರಿನ ಇತರ ಕಾರುಗಳು ಗಳಿಸಿದ ಕೀರ್ತಿ ಅಥವಾ ಅಪಕೀರ್ತಿ ಅವಳಿಯ ಬೆಲೆಗೂ ತಟ್ಟುತ್ತದೆ ಎಂಬುದು ಅವರ ತೀರ್ಮಾನ.

ಬಿಡದಿಯಲ್ಲೂ ಇಂಥದ್ದೇ ಪರೀಕ್ಷೆ ನಡೆಯುತ್ತಿದೆ. ಇನೋವಾ ಹೈಕ್ರಾಸ್‌ನ ಹೈಬ್ರಿಡ್ ಕಾರನ್ನು ಅಲ್ಪಸ್ವಲ್ಪ ಬದಲಿಸಿ, 2023ರ ಜುಲೈನಿಂದ ಮಾರುತಿ ಸುಜುಕಿ ಇನ್ವಿಕ್ಟೊ ಎಂಬ ಹೆಸರಿನಲ್ಲಿ ಮಾರುತ್ತಿದೆ. ತಯಾರಿಕೆ ಒಂದೇ ಕಾರ್ಖಾನೆಯದು. ಹೈಕ್ರಾಸ್‌ಗೆ ತಿಂಗಳುಗಟ್ಟಲೆ ಕಾಯುವವರಿದ್ದಾಗಲೂ ಇನ್ವಿಕ್ಟೊದ ಮಾರಾಟ ಅದರ ಸಣ್ಣ ಭಾಗವಾಗಿಯೇ ಉಳಿಯಿತು. ಮಾರುತಿಯ ಹೆಸರಿನ ಮೇಲೆ ಮಧ್ಯಮ ವರ್ಗಕ್ಕೆ ಅಪಾರ ನಂಬಿಕೆ ಇದೆ. ಆದರೆ 25 ಲಕ್ಷದ ಕಾರಿಗೆ ಜನ ಹುಡುಕುವ ನಂಬಿಕೆಯೇ ಬೇರೆ.

ಹೆಸರಿಗೆ ಮಿತಿಯೂ ಇದೆ. ಜನರಲ್ ಮೋಟಾರ್ಸ್ ತನ್ನ ಅಗ್ಗದ ಶೆವ್ರೊಲೆ ಕ್ಯಾವಲಿಯರ್‌ಗೆ ಚರ್ಮದ ಸೀಟು ಹಾಕಿ, ಅದನ್ನು 1982ರ ಮಾದರಿಯಾಗಿ ತನ್ನ ಐಷಾರಾಮಿ ಶಾಖೆಯ ಕ್ಯಾಡಿಲಾಕ್ ಸಿಮರಾನ್ ಎಂಬ ಹೆಸರಿನಲ್ಲಿ ಮಾರಿತು. ಜನ ಅದನ್ನು ಒಪ್ಪಲಿಲ್ಲ, 1988ಕ್ಕೆ ಕಾರು ನಿಂತುಹೋಯಿತು. ಕ್ಯಾಡಿಲಾಕ್ ಹೆಸರಿಗೆ ಬಿದ್ದ ಏಟು ಮಾಯಲು ಇನ್ನೂ ಬಹಳ ವರ್ಷ ಬೇಕಾಯಿತು.

ಶಕ್ತಿಯಿಂದ ಗಳಿಸಿದ ಹೆಸರು

ರೋಲ್ಸ್‌ರಾಯ್ಸ್ 1931ರಲ್ಲಿ ಬೆಂಟ್ಲಿಯನ್ನು ಕೊಂಡಿತು. 1965ರ ರೋಲ್ಸ್‌ರಾಯ್ಸ್ ಸಿಲ್ವರ್ ಶ್ಯಾಡೊ ಮತ್ತು ಬೆಂಟ್ಲಿ ಟಿ ನಡುವೆ ಮುಂದಿನ ಗ್ರಿಲ್ ಮತ್ತು ಲಾಂಛನ ಬಿಟ್ಟರೆ ಹೆಚ್ಚೇನೂ ವ್ಯತ್ಯಾಸ ಉಳಿದಿರಲಿಲ್ಲ. ಬೆಲೆಯೂ ಬಹುತೇಕ ಒಂದೇ ಆದಾಗ ಕೊಳ್ಳುವವರು ರೋಲ್ಸ್ ಕಡೆಗೇ ಹೋದರು. ಬೆಂಟ್ಲಿಯ ಪಾಲು ಬೆರಳೆಣಿಕೆಯಷ್ಟಕ್ಕೆ ಕುಸಿಯಿತು. 1982ರಲ್ಲಿ 6.75 ಲೀಟರ್ ವಿ8 ಎಂಜಿನ್‌ಗೆ ಟರ್ಬೊ ಸೇರಿಸಿ ಮುಲ್ಸಾನ್ ಟರ್ಬೊ ಬಂದ ಮೇಲೆ, ಅದರ ಹಿಂದೆಯೇ 1985ರಲ್ಲಿ ಟರ್ಬೊ ಆರ್ ಬಂದ ಮೇಲೆ, ಬೆಂಟ್ಲಿಗೆ ತನ್ನದೇ ಮುಖ ಮರಳಿ ಸಿಕ್ಕಿತು. ಕಾರನ್ನು ತಾನೇ ಓಡಿಸಬಯಸುವ ಶ್ರೀಮಂತನ ಕಾರು ಎಂಬ ಹೆಸರನ್ನು ಅದು ಗಳಿಸಿತು. ಪ್ರತಿಷ್ಠೆಯನ್ನು ಲಾಂಛನ ಬದಲಿಸಿ ಹುಟ್ಟಿಸಲಾಗದು, ಕಾರಿನ ಗುಣ ಬದಲಿಸಿದರೆ ಅದು ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಾರಿನ ಚರಿತ್ರೆಯಲ್ಲಿ ವಿರಳ.

ಇಂದು ಬೆಂಟ್ಲಿ ಸೇರಿರುವ ಫೋಕ್ಸ್‌ವ್ಯಾಗನ್ ಸಮೂಹದ ಎಂಎಲ್‌ಬಿ ಇವೊ ತಳಹದಿಯ ಮೇಲೆ ಆಡಿ ಕ್ಯೂ8, ಪೋರ್ಷೆ ಕಯೆನ್, ಬೆಂಟ್ಲಿ ಬೆಂಟೇಗಾ, ಲ್ಯಾಂಬೋರ್ಗಿನಿ ಉರುಸ್ ನಿಂತಿವೆ. 2018ರ ಜನವರಿಯಲ್ಲಿ ಭಾರತಕ್ಕೆ ಬಂದ ಉರುಸ್‌ನ ಬೆಲೆ 3 ಕೋಟಿ, ಶಕ್ತಿ 650 ಅಶ್ವಶಕ್ತಿ. 2020ರ ಆಗಸ್ಟ್‌ನಲ್ಲಿ ಬಂದ ಆಡಿ ಆರ್‌ಎಸ್ ಕ್ಯೂ8ನ ಬೆಲೆ 2.07 ಕೋಟಿ, ಶಕ್ತಿ 600 ಅಶ್ವಶಕ್ತಿ. ಎರಡರದ್ದೂ ಎರಡು ಟರ್ಬೊಗಳ 4 ಲೀಟರ್ ವಿ8 ಎಂಜಿನ್. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಉರುಸ್‌ಗೆ 3.6 ಸೆಕೆಂಡ್, ಆಡಿಗೆ 3.8 ಸೆಕೆಂಡ್ ಬೇಕು. ಕೆಂಗೇರಿ ದಾಟಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿದರೆ ಕಾರುಗಳಿಗೆ ಕಾನೂನು ಹೇಳುವ ಗರಿಷ್ಠ ವೇಗವೂ ಗಂಟೆಗೆ 100 ಕಿಲೋಮೀಟರ್, ಅದನ್ನು ಕಾಯಲು ಕ್ಯಾಮೆರಾಗಳಿವೆ. ಅಂದಮೇಲೆ ಇಲ್ಲಿನ ರಸ್ತೆಯಲ್ಲಿ ಸುಮಾರು ಒಂದು ಕೋಟಿಯ ಅಂತರ 0.2 ಸೆಕೆಂಡಿನದ್ದಲ್ಲ. ಉರುಸ್ ಕೊಳ್ಳುವವರು ಕೊಡುವುದು ಅದರ ರೂಪಕ್ಕೆ, ಸದ್ದಿಗೆ, ಗೂಳಿಯ ಲಾಂಛನಕ್ಕೆ. ಕೊಡುವ ಶಕ್ತಿ ಇದ್ದು ತಿಳಿದೇ ಕೊಟ್ಟರೆ ಅದರಲ್ಲಿ ತಪ್ಪೇನಿಲ್ಲ.

ಕಾಮಾಕ್ಷಿಪಾಳ್ಯದ ಕಣ್ಣಿನಲ್ಲಿ

ಬೆಂಗಳೂರಿನ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ ಸಣ್ಣ ಕೈಗಾರಿಕೆಗಳ ಬಡಾವಣೆ. ಲೇತ್, ಸಿಎನ್‌ಸಿ, ಡೈ ತಯಾರಿಕೆ, ಪ್ಲೇಟಿಂಗ್, ಪೌಡರ್ ಕೋಟಿಂಗ್ ಇಲ್ಲಿನ ಗಲ್ಲಿಗಳ ಕಸುಬು. ಪ್ಲಾಟ್‌ಫಾರ್ಮ್ ಹಂಚಿಕೆ ಎಂದರೇನೆಂದು ಇಲ್ಲಿನ ಕೆಲಸಗಾರರಿಗೆ ವಿವರಿಸಬೇಕಾಗಿಲ್ಲ. ಜಾಬ್‌ವರ್ಕ್ ಮಾಡುವವರಿಗೆ ಡ್ರಾಯಿಂಗ್ ಒಂದೇ ಇದ್ದರೂ ಮೈಕ್ರಾನ್ ಲೆಕ್ಕದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಬಿಗಿಯಾದಷ್ಟೂ ಕೂಲಿ ಏರುತ್ತದೆ, ಮೇಲಿನ ಫಿನಿಶ್ ಬದಲಾದರೆ ದರವೂ ಬದಲಾಗುತ್ತದೆ ಎಂಬುದು ನಿತ್ಯದ ಅನುಭವ. ಅದೇ ನಿಯಮ ಕ್ಯಾಮ್ರಿ–ಇಎಸ್ ಜೋಡಿಗೂ ಅನ್ವಯಿಸುತ್ತದೆ. ಹಣ ಹೋಗುವುದು ಎಂಜಿನ್ ಬ್ಲಾಕಿಗಲ್ಲ, ಅದರ ಸುತ್ತ ಇರುವ ಮೌನಕ್ಕೆ, ಹೊಳಪಿಗೆ, ಮಾರಾಟದ ನಂತರದ ಸೇವೆಗೆ.

ಆದರೆ ಈ ಭಾಗದಲ್ಲಿ, ಹಾಗೆ ನೋಡಿದರೆ ಕರ್ನಾಟಕದ ಬಹುಭಾಗದಲ್ಲಿ, ಅಂತಸ್ತಿನ ಕಾರು ಎಂದರೆ ಲೆಕ್ಸಸ್ ಅಲ್ಲ, ಫಾರ್ಚೂನರ್. ಉದ್ಯಮಿ, ಗುತ್ತಿಗೆದಾರ, ರಾಜಕಾರಣಿ, ಜಮೀನು ಮಾರಿದ ರೈತ, ಎಲ್ಲರ ಬಾಯಲ್ಲೂ ಕೇಳುವ ಹೆಸರು ಅದೇ. ಅದಕ್ಕೂ ಒಡಹುಟ್ಟಿದವರಿದ್ದಾರೆ. ಇನೋವಾ ಕ್ರಿಸ್ಟಾ, ಹೈಲಕ್ಸ್ ಮತ್ತು ಫಾರ್ಚೂನರ್ ಟೊಯೊಟಾದ ಐಎಂವಿ ಎಂಬ ಒಂದೇ ಗಟ್ಟಿ ಚಾಸಿಸ್ ಕುಟುಂಬದವು. 2024ರ ಹೊತ್ತಿಗೆ ಕ್ರಿಸ್ಟಾ 20 ಲಕ್ಷದ ಆಸುಪಾಸಿನಿಂದ, ಫಾರ್ಚೂನರ್ 33 ಲಕ್ಷಕ್ಕೂ ಮೇಲಿನಿಂದ ಶುರುವಾಗುತ್ತಿದ್ದವು. ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ 150 ಅಶ್ವಶಕ್ತಿಯದು, ಫಾರ್ಚೂನರ್‌ನ 2.8 ಲೀಟರ್ ಎಂಜಿನ್ 204 ಅಶ್ವಶಕ್ತಿಯದು. ಇಲ್ಲಿ ಹೆಚ್ಚು ಕೊಟ್ಟವರಿಗೆ ಹೆಚ್ಚು ಶಕ್ತಿಯೂ, ಬೇಕೆಂದರೆ ನಾಲ್ಕೂ ಚಕ್ರಗಳಿಗೆ ಚಾಲನೆಯೂ ಸಿಗುತ್ತದೆ. ಮದುವೆಮನೆಯ ಮುಂದೆ ಇಳಿದಾಗ ಸಿಗುವ ಗೌರವ ಇದರ ಜೊತೆಗೇ ಬರುತ್ತದೆ. ಹಲವು ಜಿಲ್ಲಾ ಕೇಂದ್ರಗಳಲ್ಲಿ ಟೊಯೊಟಾ ಸರ್ವಿಸ್ ಸಿಗುವುದೂ ಹಳೆಯ ಗಾಡಿಗೂ ಗಟ್ಟಿ ರೀಸೇಲ್ ಇರುವುದೂ ಆ ಗೌರವದ ಬೇರುಗಳು. ಊರಿನಲ್ಲಿ ಯಾರೂ ಗುರುತಿಸದ ಲಾಂಛನಕ್ಕೆ ಎಷ್ಟು ಬೆಲೆ ಕೊಟ್ಟರೂ ಅಲ್ಲಿ ಅದು ಪ್ರತಿಷ್ಠೆ ತರದು.

ಲೆಕ್ಸಸ್ ಗೆಲ್ಲುವುದು ನಗರದೊಳಗೆ, ಹಿಂದಿನ ಸೀಟಿನಲ್ಲಿ. ಟೊಯೊಟಾ ವೆಲ್‌ಫೈರ್ 2023ರಲ್ಲಿ 1.20 ಕೋಟಿಗೆ ಬಂತು. ಅದರ ತಳಹದಿಯನ್ನೇ ಹಂಚಿಕೊಂಡ, 2.5 ಲೀಟರ್ ಹೈಬ್ರಿಡ್ ಎಂಜಿನ್‌ನ ಲೆಕ್ಸಸ್ ಎಲ್‌ಎಂ 350ಎಚ್ 2024ರಲ್ಲಿ 2 ಕೋಟಿಗೆ ಬಂತು. ನಾಲ್ಕು ಸೀಟಿನ ಎಲ್‌ಎಂ ಬೇಕೆಂದರೆ ಆಗ 2.5 ಕೋಟಿ ಕೊಡಬೇಕಿತ್ತು. ಬೇಡಿಕೆ ಎಷ್ಟಿತ್ತೆಂದರೆ ಅದೇ ವರ್ಷ ಕಂಪನಿ ಎಲ್‌ಎಂ ಬುಕಿಂಗನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ತೆರಿಗೆ ಮತ್ತು ನೋಂದಣಿ

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಕಾರುಗಳಿಗೆ ಜೀವಿತಾವಧಿ ತೆರಿಗೆ ಶೇ. 18. ಸೆಸ್ ಬೇರೆ. 2024ರ ತಿದ್ದುಪಡಿಯ ನಂತರ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೂ ಶೇ. 10 ತೆರಿಗೆ ಬಂತು. ಈ ಹೊರೆ ತಪ್ಪಿಸಲು ಕಾರನ್ನು ಹೊರರಾಜ್ಯದಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ಚಾಳಿ ಹಳೆಯದು. ಇಂಥ ಸುಮಾರು 30 ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ 2025ರ ಫೆಬ್ರುವರಿಯಲ್ಲಿ ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ 1.41 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ಕಾರಿನ ಹೆಸರಿಗೆ ಕೋಟಿ ಕೊಟ್ಟವರು ಅದು ಓಡುವ ರಸ್ತೆಯ ತೆರಿಗೆಗೆ ಹಿಂಜರಿಯುವುದು ಒಪ್ಪತಕ್ಕ ಮಾತಲ್ಲ.

ಒಂದೇ ತಳಹದಿಯ ಎರಡು ಕಾರುಗಳ ನಡುವೆ ಆರಿಸುವಾಗ ಈ ತೆರಿಗೆ ಹೆಸರಿನ ಮೇಲೂ ಬೀಳುತ್ತದೆ. ಮೇಲೆ ಹೇಳಿದ 2019–20ರ ಬೆಲೆಗಳಲ್ಲಿ ಕ್ಯಾಮ್ರಿ ಬಿಟ್ಟು ಇಎಸ್ ಕೊಂಡವರು 14.95 ಲಕ್ಷದ ಜೊತೆಗೆ ಅದರ ಮೇಲಿನ ಜೀವಿತಾವಧಿ ತೆರಿಗೆಯಾಗಿ ಸುಮಾರು 2.69 ಲಕ್ಷ ರೂಪಾಯಿಯನ್ನೂ ಕಟ್ಟುತ್ತಿದ್ದರು. ಮೊದಲೇ ಹೋಲಿಸಿ ನೋಡಬೇಕಾದದ್ದು ಆನ್‌ರೋಡ್ ಬೆಲೆಯನ್ನು.