ಐದು ಮನೆಯವರು ಬಾಯಿ ಬಿಟ್ಟರೆ ಸಾಕು

ಹ್ವಾಯ್, ಇವತ್ತಿನದ್ದು ಗದ್ದೆ ವಿಷಯ ಅಲ್ಲ, ಫೋನಿನ ವಿಷಯ. ಸ್ವಲ್ಪ ಉದ್ದ ಆಯ್ತು, ಪುರ್ಸೊತ್ತಲ್ಲಿ ಓದಿ.

ನಟ್ಟಿ ಸಮಯ. ನಾನು ಅಂಚು ಕಡಿಯುತ್ತಿದ್ದಾಗ ಒಂದು ಕರೆ ಬಂತು. ‘ಕಿಸಾನ್ ಸಮ್ಮಾನ್ ಕಂತು ನಿಂತಿದೆ, ಕೆವೈಸಿ ಆಗಬೇಕು, ವಾಟ್ಸಾಪಿಗೆ ಒಂದು ಫೈಲ್ ಕಳಿಸಿದ್ದೇನೆ, ಒತ್ತಿ’ ಅಂದ. ಮೋಸ ಅಂತ ಗೊತ್ತಾಯ್ತು. ಕಟ್ ಮಾಡಿ ಮತ್ತೆ ಹಾರೆ ಹಿಡಿದೆ. ಯಾರಿಗೂ ಹೇಳಲಿಲ್ಲ.

ಮೂರನೇ ದಿನ ಕೆಳಗಿನ ಬೈಲಿನ ಅಕ್ಕನಿಗೆ ಅದೇ ಕರೆ. ಅವರು ಒತ್ತಿದರು. ತೆಂಗಿನಕಾಯಿ ಮಾರಿ ಬ್ಯಾಂಕಿಗೆ ಹಾಕಿದ ದುಡ್ಡು ಹೋಯ್ತು. ನಾಚಿಕೆಯಿಂದ ಎರಡು ದಿನ ಮನೆಯವರಿಗೂ ಹೇಳಲಿಲ್ಲ. ಆಮೇಲೆ ನನ್ನ ಹತ್ರ ಕೇಳಿದರು: “ನಿಮ್ಗೂ ಬಂದಿತ್ತಾ? ಹಂಗಾರೆ ಒಂದ್ ಮಾತ್ ಹೇಳುಕಾಗ್ದಾ?”

ಆ ಮಾತು ಚುಚ್ಚಿತು. ಈ ಕರೆಗಳನ್ನು ಹಿಡಿಯುವ ದಾರಿ ಹೇಗೆ ಬೆಳೆದು ಬಂತು ಅಂತ ಓದಿ ನೋಡಿದೆ.

ಹಿಂದೆ ಊರಿಗೆ ನಾಲ್ಕೈದು ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ದಪ್ಪ ಡೈರೆಕ್ಟರಿಯಲ್ಲಿ ನಂಬರಿನ ಜೊತೆ ಹೆಸರು, ವಿಳಾಸ ಇರುತ್ತಿತ್ತು. ಮೊಬೈಲ್ ಬಂತು, ಡೈರೆಕ್ಟರಿ ಹೋಯ್ತು. ಆ ಕಡೆ ಯಾರು ಅಂತ ತಿಳಿಯದ ಕಾಲ ಶುರುವಾದದ್ದು ಅಲ್ಲಿಂದ.

2007ರಲ್ಲಿ ಟ್ರಾಯ್ ‘ನನಗೆ ಕರೆ ಮಾಡಬೇಡಿ’ ಅನ್ನುವವರ ಪಟ್ಟಿ ತಂದಿತು. 2011ರ ಸೆಪ್ಟೆಂಬರ್‌ನಲ್ಲಿ ನಿಯಮ ಬಿಗಿಯಾಯಿತು. ಜಾಹೀರಾತು ಕರೆಗೆ 140ರಿಂದ ಶುರುವಾಗುವ ನಂಬರ್, ದೂರಿಗೆ 1909. ಆದರೆ ನಿಯಮ ಪಾಲಿಸುವವನಿಗೆ ಮಾತ್ರ ಬೇಲಿ. ಕಳ್ಳನಿಗೆ ಮಾಮೂಲಿ ಹತ್ತಂಕಿ ಸಿಮ್ಮೇ ಸಾಕಾಯಿತು.

ಇನ್ನೊಂದು ದಾರಿ ಸ್ವೀಡನ್ನಿನಲ್ಲಿ ಹುಟ್ಟಿತು. 2009ರಲ್ಲಿ ಇಬ್ಬರು ಯುವಕರು ಟ್ರೂಕಾಲರ್ ಶುರು ಮಾಡಿದರು. ಕರೆ ಬಂದವರು ‘ಇದು ಸ್ಪ್ಯಾಮ್’ ಅಂತ ಗುರುತು ಹಾಕುತ್ತಾರೆ, ಮುಂದಿನವರ ಫೋನಿನಲ್ಲಿ ಕೆಂಪು ಬಣ್ಣ ಕಾಣಿಸುತ್ತದೆ. ಮೇಲಿನ ತೋಟದವರು ‘ಮಂಗ ಬಂತು’ ಅಂತ ಕೂಗಿದರೆ ಕೆಳಗಿನವರು ಎದ್ದು ಬರುವುದಿಲ್ಲವಾ, ಹಾಗೆ. ಕೊರತೆಯೂ ಇದೆ. ಕಳ್ಳ ಸಿಮ್ ಬದಲಿಸಿದರೆ ಗುರುತು ಇರುವುದಿಲ್ಲ. ಸಿಟ್ಟಿಗೆ ಒಳ್ಳೆಯವನ ನಂಬರಿಗೂ ಗುರುತು ಬೀಳಬಹುದು. ಕೆಂಪು ಕಾಣಲಿಲ್ಲ ಅಂದ ಮಾತ್ರಕ್ಕೆ ನಂಬುವ ಹಾಗಿಲ್ಲ.

ಸರ್ಕಾರವೂ ಜನರ ಬಾಯಿಯನ್ನೇ ನಂಬಿತು. 2021ರಲ್ಲಿ 155260 ಸಹಾಯವಾಣಿ ಬಂತು, ಅದೇ ಈಗಿನ 1930. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲೇ ಹೇಳಿದರೆ ಬ್ಯಾಂಕುಗಳು ತಡೆದು ಹಿಡಿಯಬಹುದು. ಅಕ್ಕ ಹೇಳುವಾಗ ದಾಟಿ ಆಗಿತ್ತು. 2024ರ ಮಾರ್ಚ್‌ನಲ್ಲಿ ಸಂಚಾರ್ ಸಾಥಿಯೊಳಗೆ ‘ಚಕ್ಷು’ ಬಂತು. ದುಡ್ಡು ಹೋಗದಿದ್ದರೂ ಅನುಮಾನದ ಕರೆಯನ್ನು ಅಲ್ಲಿ ದಾಖಲಿಸಬಹುದು. ನಾನು ಮಾಡಬೇಕಿದ್ದದ್ದು ಇದನ್ನೇ. ಅದೇ ವರ್ಷ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು ಡಿಜಿಟಲ್ ಅರೆಸ್ಟ್ ಮೋಸದ ಬಗ್ಗೆ ಹೇಳುತ್ತಾ ನಮ್ಮ ವಿಜಯಪುರದ ಒಬ್ಬರಿಗೆ ಬಂದ ಕರೆಯನ್ನು ಕೇಳಿಸಿದರು. ಒಬ್ಬರು ಮುಚ್ಚಿಡದೆ ಹೇಳಿದ್ದಕ್ಕೆ ದೇಶವೇ ಕೇಳಿತು.

2025ರ ಫೆಬ್ರವರಿಯಲ್ಲಿ ಟ್ರಾಯ್ ಇನ್ನೊಂದು ಬದಲಾವಣೆ ಮಾಡಿತು. ಜಾಹೀರಾತು ಕರೆ ಮಾಡಿ ಪೀಡಿಸುವ ನಂಬರಿನ ಮೇಲೆ ಕ್ರಮಕ್ಕೆ ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು. ಈಗ 10 ದಿನದಲ್ಲಿ 5 ದೂರು ಸಾಕು. ದೂರು ಕೊಡುವ ಅವಧಿಯೂ 3 ದಿನ ಇದ್ದದ್ದು 7 ಆಯಿತು. ಲೆಕ್ಕ ಹಾಕಿ ಕಾಣಿ, ಐದು ದೂರು! ನಮ್ಮ ಒಂದು ಬೈಲಲ್ಲೇ ಅದಕ್ಕಿಂತ ಹೆಚ್ಚು ಮನೆ ಇದೆ.

ಹಾಗಾಗಿ ಇಷ್ಟು ಮಾಡುವ. ಜಾಹೀರಾತು ಕಿರಿಕಿರಿಗೆ 1909. ಮೋಸದ ಕರೆ ಬಂದು ದುಡ್ಡು ಉಳಿದಿದ್ದರೆ 30 ದಿನದೊಳಗೆ ಚಕ್ಷು. ದುಡ್ಡು ಹೋದರೆ ಆ ಗಳಿಗೆಯಲ್ಲೇ 1930. ಎಲ್ಲಕ್ಕಿಂತ ಮೊದಲು ಪಕ್ಕದ ಮನೆಗೆ ಒಂದು ಮಾತು.

ಚಕ್ಷುವಿನಲ್ಲಿ ಬರೆಯುವುದು ಗೊತ್ತಾಗದಿದ್ರೆ ಆದಿತ್ಯವಾರ ಫೋನ್ ಹಿಡ್ಕೊಂಡು ನಮ್ಮನೆ ಜಗಲಿಗೆ ಬನ್ನಿ, ತೋರಿಸಿಕೊಡ್ತೆ. ಮೋಸ ಹೋದದ್ದಕ್ಕೆ ನಾಚಿಕೆ ಬೇಡ. ನಾಚಿಕೆ ಆಗಬೇಕಾದ್ದು ಗೊತ್ತಿದ್ದೂ ಸುಮ್ಮನಿದ್ದ ನನ್ನಂಥವನಿಗೆ.